ಸಿರ್ಕಾದ ಗಡಿಗೆಯ ಪೊರೆ

೧

ಮೊದಲ ವಾಕ್ಯ ಬರೆಯುವುದು, ಹೊಡೆದುಹಾಕುವುದು, ಎದ್ದು ಚಹಾ ಮಾಡಿಕೊಳ್ಳುವುದು. ಆರು ದಿನದಿಂದ ಇದೇ ನಡೆದಿದೆ. "ಖಾನಾಪುರದ ಆದಿನಾಥನ ಹಿತ್ತಲಲ್ಲಿ ಸಿರ್ಕಾ ಹುಳಿಯುವ ಹನ್ನೊಂದು ಗಡಿಗೆಗಳಿದ್ದವು" ಎಂದು ಶುರು ಮಾಡಿದರೆ ನೀವು ಆಕಳಿಸುತ್ತೀರಿ. ನಿಮ್ಮ ತಪ್ಪಲ್ಲ, ಗಡಿಗೆ ಅಂದರೆ ಯಾರಿಗೆ ಕುತೂಹಲ? "ಭಾನುವಾರ ಮಧ್ಯಾಹ್ನ ಕುದಿಯುವ ಬೆಲ್ಲದ ಪಾಕ ನಿಂಗವ್ವನ ಬಲಗೈ ಮೇಲೆ ಬಿತ್ತು" ಎಂದು ಶುರು ಮಾಡಿದರೆ ನೀವು ಓದುತ್ತೀರಿ. ಆದರೆ ನಿಂಗವ್ವ ಜಗಳಕ್ಕೆ ಬರುತ್ತಾಳೆ.

ಬಂದಳು.

"ಹದಿನಾಕ ವರ್ಷ ಪಾಕ ನೋಡೀನ್ರಿ ಬಾಯಾರ. ತಣ್ಣೀರಾಗ ಬೆರಳ ಎದ್ದಿ, ಕುದಿಯೂ ಕೊಪ್ಪರಿಗ್ಯಾಗ ಹಾಕಿ, ಹದ ಹೇಳ್ತಿದ್ದೆ. ಒಂದ ಉಗರಿಗೆ ಬಿಸಿ ತಾಗಿಲ್ಲ. ನಿಮಗ ಕಥಿ ಬೇಕಾಗಿತ್ತಂತ ನನ್ನ ಕೈ ಸುಟ್ರಿ."

"ನಾನಲ್ಲ ನಿಂಗವ್ವ. ಕೊಪ್ಪರಿಗೆ ಇಳಿಸುವಾಗ ಬಿದಿರಿನ ಗಳ ಜಾರಿತು."

"ಗಳ ಜಾರಸಿದವರ್ಯಾರು?"

ಗಳದ ಬಗ್ಗೆ ಬರೆದ ಆ ವಾಕ್ಯ ನಿಜಕ್ಕೂ ನನ್ನದೇ, ಮಂಗಳವಾರ ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಬರೆದದ್ದು. ಬರೆದಾಗ ಖುಷಿಯಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

೨

ಸರಿ, ನೇರವಾಗಿ ಹೇಳಿಬಿಡುತ್ತೇನೆ.

ನಾನು ಬೆಳಗಾವಿಯ ರಾಮತೀರ್ಥ ನಗರದಲ್ಲಿ ಎರಡನೇ ಮಹಡಿಯಲ್ಲಿರುವ ರಿಟೈರ್ಡ್ ಕೆಮಿಸ್ಟ್ರಿ ಲೆಕ್ಚರರ್. ಮೂವತ್ತೊಂದು ವರ್ಷ ಪಾಲಿಮರ್ ಪಾಠ ಹೇಳಿ ಮಕ್ಕಳನ್ನು ಮಲಗಿಸಿದ್ದೇನೆ. ಈಗ ಕಥೆ ಬರೆದು ದೊಡ್ಡವರನ್ನು ಮಲಗಿಸುವ ಪ್ರಯತ್ನ ನಡೆದಿದೆ.

ಕಥೆ ೧೯೨೭ರ ಫೆಬ್ರುವರಿಯದು, ಗಾಣದ ಹಂಗಾಮು. ಊರು ಖಾನಾಪುರ. ಜನ ನಾಲ್ಕೇ. ಬೀಡಿ ಎಂಬ ಊರಿಗೆ ಕೊಟ್ಟಿದ್ದ, ಗಂಡ ಸತ್ತ ಮೇಲೆ ತವರಿಗೆ ಬಂದ ನಿಂಗವ್ವ. ಊರ ಹೊರಗೆ ಕಬ್ಬಿನ ಗಾಣ ಇಟ್ಟುಕೊಂಡಿರುವ ಅವಳ ಅಣ್ಣ ಸಿದ್ದಪ್ಪ. ಆ ಗಾಣದಿಂದ ಕಬ್ಬಿನ ಹಾಲು ತಂದು, ಹುಳಿ ಬರಿಸಿ, ಸಿರ್ಕಾ ಅಂದರೆ ವಿನೆಗರ್ ಮಾಡಿ, ರೈಲಿನಲ್ಲಿ ಬೆಳಗಾವಿಯ ದಂಡಿನ ಕ್ಯಾಂಪಿನ ಅಡಿಗೆಮನೆಗಳಿಗೆ ಒಯ್ದು ಕೊಡುವ ಆದಿನಾಥ. ಅವನ ತಾಯಿ ಜಿನಮತಿ.

ನಿಂಗವ್ವನ ಕೈ ಮೊಣಕೈಯಿಂದ ಬೆರಳಿನ ತುದಿಯವರೆಗೆ ಸುಟ್ಟಿದೆ. ಸೋಮವಾರ ಅಣ್ಣ ಅವಳನ್ನು ಬೆಳಗಾವಿಗೆ ಒಯ್ದು ಕ್ಯಾಂಪಿನ ಡಾಕ್ಟರಿಗೆ ತೋರಿಸಿದ. ಡಾಕ್ಟರು ನೋಡಿ, ತೊಳೆದು, ಅರಿವೆ ಸುತ್ತಿ ಹೇಳಿದ್ದು ಇಷ್ಟು: ಗುರುವಾರ ಕರೆದುಕೊಂಡು ಬನ್ನಿ, ಕೊಳೆಯುವುದು ಶುರುವಾಗಿದ್ದರೆ ಮೊಣಕೈ ಕೆಳಗೆ ಕತ್ತರಿಸಬೇಕು, ಇಲ್ಲದಿದ್ದರೆ ಜೀವಕ್ಕೇ ಬರುತ್ತದೆ. ಡಾಕ್ಟರು ಕೆಟ್ಟವರಲ್ಲ. ಪೆನಿಸಿಲಿನ್ ಇಲ್ಲದ ಕಾಲ, ಅವರ ಕೈಯಲ್ಲಿದ್ದದ್ದು ಅಷ್ಟೇ.

ಪಾಕದ ಹದ ನೋಡುವ ಕೆಲಸಕ್ಕೆ ಗಂಡಸರನ್ನೇ ಕರೆಯುವ ಸೀಮೆಯಲ್ಲಿ ನಿಂಗವ್ವನನ್ನು ನಾಲ್ಕು ಊರಿನವರು ಕರೆಯುತ್ತಿದ್ದರು. ಯಾವ ಗಾಣದಲ್ಲಿ ಅವಳ ಬೆರಳು ಮುಳುಗುತ್ತದೋ ಆ ಗಾಣದ ಬೆಲ್ಲ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ ಎಂಬ ಮಾತಿತ್ತು. ಗಂಡ ಸತ್ತ ಮೇಲೆ ಅವಳು ಅಣ್ಣನ ಮನೆಯಲ್ಲಿ ತಲೆ ಎತ್ತಿ ಊಟ ಮಾಡುತ್ತಿದ್ದದ್ದು ಆ ಕೈಯಿಂದ. ಅದು ಉಳಿಯುತ್ತದೋ ಇಲ್ಲವೋ, ಗುರುವಾರದ ಒಳಗೆ ಗೊತ್ತಾಗಬೇಕು.

೩ (ಕೈಬಿಟ್ಟದ್ದು)

"ಆದಿನಾಥನು ಯುಗಪುರುಷನಾಗಿದ್ದನು. ಪಾಶ್ಚಾತ್ಯರು ಕಣ್ಣು ತೆರೆಯುವ ಮುನ್ನವೇ ಖಾನಾಪುರದ ಈ ಸುಪುತ್ರನು..."

ಛೇ. ಖಾನಾಪುರದಲ್ಲಿ ಏನೂ ಮೊದಲು ಕಂಡುಹಿಡಿದಿಲ್ಲ, ಆದಿನಾಥ ಎಂಬುವನೂ ಇರಲಿಲ್ಲ. ನಾನು ಕಟ್ಟಿದವನು ಅವನು. ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಿ ನನ್ನ ಮರ್ಯಾದೆ ಕಳೆಯಬೇಡಿ.

೩ (ಮತ್ತೆ)

ಸಿರ್ಕಾ ಹುಳಿಯುವಾಗ ಗಡಿಗೆಯ ಮೇಲೆ ಒಂದು ಪೊರೆ ಕಟ್ಟುತ್ತದೆ. ಹಾಲಿನ ಕೆನೆಯಂತೆ ತೆಳ್ಳಗೆ ಶುರುವಾಗಿ, ಎಂಟು ಹತ್ತು ದಿನದಲ್ಲಿ ರೊಟ್ಟಿಯಷ್ಟು ದಪ್ಪವಾಗುತ್ತದೆ. ಮುಟ್ಟಿದರೆ ಲೋಳೆ, ಎಳೆದರೆ ಹರಿಯದು. ಆದಿನಾಥ ಅದನ್ನು ಮೊದಲೆಲ್ಲ ತೆಗೆದು ಹಿತ್ತಲ ಗೊಬ್ಬರದ ತಿಪ್ಪೆಗೆ ಎಸೆಯುತ್ತಿದ್ದ. ಮಣ್ಣಿಗೆ ಬಿದ್ದದ್ದು ಕೆಲವು ವಾರದಲ್ಲಿ ಗುರುತಿಲ್ಲದಂತೆ ಕರಗಿ ಹೋಗುತ್ತಿತ್ತು.

ಒಂದು ದಿನ ಬಾಟಲಿಗೆ ಅರಗು ಹಾಕುವಾಗ ಹೆಬ್ಬೆರಳು ಸುಟ್ಟುಕೊಂಡ. ಪಕ್ಕದಲ್ಲಿ ಬೇರೇನೂ ಸಿಗದೆ ಈ ಒದ್ದೆ ಪೊರೆಯನ್ನೇ ಹರಿದು ಸುತ್ತಿಕೊಂಡ. ಹುಳಿಗೆ ಚುರುಗುಟ್ಟಿತು, ಆಮೇಲೆ ತಂಪಾಯಿತು. ಮೂರನೇ ದಿನ ಕೆಳಗೆ ಏನಾಗಿದೆ ನೋಡೋಣವೆಂದು ಕಿತ್ತ. ಹೊಸ ಚರ್ಮವೂ ಜೊತೆಗೇ ಕಿತ್ತು ಬಂದು ರಕ್ತ ಬಂತು. ಮತ್ತೊಂದು ಪೊರೆ ಸುತ್ತಿ ಈ ಸಲ ಸುಮ್ಮನೆ ಬಿಟ್ಟ. ಒಂಬತ್ತನೇ ದಿನ ಅದು ತಾನಾಗಿ ಉದುರಿತು, ಕೆಳಗೆ ಬೆರಳು ಎಳೆಗೂಸಿನದರಂತೆ ಕೆಂಪಗಿತ್ತು.

ಅಲ್ಲಿಂದ ಅವನಿಗೆ ಹುಚ್ಚು ಹಿಡಿಯಿತು. ಪೊರೆಯ ಚೂರನ್ನು ಬೆಳಗಾವಿಗೆ ಒಯ್ದು, ಹಿಂದೆ ತಾನು ಕಾಂಪೌಂಡರ್ ಆಗಿದ್ದ ದವಾಖಾನೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ. ನೂಲಿನ ರಾಶಿಯೊಳಗೆ ಸಣ್ಣ ಸಣ್ಣ ಜೀವಗಳು, ಎಣಿಸಲಾರದಷ್ಟು. ಆ ಜೀವಗಳೇ ಕಬ್ಬಿನ ಸಕ್ಕರೆ ತಿಂದು ಈ ನೂಲು ನೇಯುತ್ತಿದ್ದವು. ಮನೆಗೆ ಬಂದವನೇ ಕಂಡದ್ದನ್ನು ತಾಯಿಗೆ ಹೇಳಿದ. ಹೇಳಬಾರದಿತ್ತು.

(ನಿಘಂಟಿನಲ್ಲಿ 'ಪೊರೆ' ಅಂದರೆ ತೆಳುವಾದ ಪದರು, ಮತ್ತು 'ಪೊರೆ' ಅಂದರೆ ಕಾಪಾಡು. ಇದನ್ನು ಕಂಡುಹಿಡಿದು ನಾನು ಮೂರು ದಿನ ಬೀಗಿದೆ. ಜಿನಮತಿಗೆ ಹೇಳಿದರೆ ಆಕೆ "ಹೌದನ?" ಎಂದಳು, ಅಷ್ಟೇ.)

೪

ಈಗ ಒಂದೈದು ನಿಮಿಷ ಪಾಠ. ಕಥೆಗಾರ್ತಿ ರಜೆಯ ಮೇಲಿದ್ದಾಳೆ, ಲೆಕ್ಚರರ್ ಬಂದಿದ್ದಾಳೆ.

ಸೂಕ್ಷ್ಮಜೀವಿಗಳು ಕಟ್ಟುವ ಪಾಲಿಮರುಗಳಲ್ಲಿ ಎರಡು ಮುಖ್ಯ ಬಗೆ ನೆನಪಿಡಿ. ಒಂದು, ಹೊರಗೆ ನೇಯುವುದು: ಈ ಸಿರ್ಕಾದ ಪೊರೆ, ಅಂದರೆ ಸೆಲ್ಯುಲೋಸ್. ಹತ್ತಿಯಲ್ಲಿರುವುದೇ, ಆದರೆ ಎಳೆ ಅದಕ್ಕಿಂತ ಎಷ್ಟೋ ಪಟ್ಟು ಸಪೂರ. ತನ್ನ ಒಣ ತೂಕದ ನೂರು ಪಟ್ಟು ನೀರು ಹಿಡಿಯಬಲ್ಲದು, ಒದ್ದೆಯಲ್ಲೂ ಗಟ್ಟಿ. ಇವತ್ತು ಇದರಿಂದ ಸುಟ್ಟಗಾಯದ ಪಟ್ಟಿ ಮಾಡುತ್ತಾರೆ, ಕೆಲವು ಹೆಡ್‌ಫೋನಿನೊಳಗಿನ ನಡುಗುವ ಪರದೆಯನ್ನೂ ಮಾಡಿದ್ದಾರೆ. ಎರಡು, ಒಳಗೆ ಕೂಡಿಡುವುದು: ಬರಗಾಲಕ್ಕೆಂದು ನಾವು ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬುವ ಹಾಗೆ ಕೆಲವು ಬ್ಯಾಕ್ಟೀರಿಯಾ ಮೈಯೊಳಗೆ ಒಂದು ಬಗೆಯ ಪ್ಲಾಸ್ಟಿಕ್ ಕೂಡಿಡುತ್ತವೆ. ಅದನ್ನು ದೂರದ ಪ್ಯಾರಿಸ್ಸಿನಲ್ಲಿ ಒಬ್ಬರು ಗುರುತಿಸಿದ್ದು ಇದೇ ಇಪ್ಪತ್ತರ ದಶಕದಲ್ಲಿ. ಕರಗಿಸಿ ಅಚ್ಚಿಗೆ ಹಾಕಬಹುದು, ಬಾಟಲಿ, ಚೀಲ, ಹೊಲಿಗೆ ದಾರ ಮಾಡಬಹುದು. ಸ್ವಲ್ಪ ಗಡುಸು, ಬಗ್ಗಿಸಿದರೆ ಮುರಿಯುತ್ತದೆ, ಬೆಲೆಯೂ ಹೆಚ್ಚು. ಆದರೆ ಮಣ್ಣಿಗೆ ಹಾಕಿದರೆ ಮಣ್ಣು ತಿನ್ನುತ್ತದೆ. ಮತ್ತೆ...

"ಬಾಯಾರ." ಬಾಗಿಲಲ್ಲಿ ಸಿದ್ದಪ್ಪ ನಿಂತಿದ್ದ, ತಲೆಗೆ ಸುತ್ತಿದ ರುಮಾಲು ಕೈಯಲ್ಲಿತ್ತು. "ನನ್ನ ತಂಗಿ ಕೈ ಉರದು ಒದರಾಕ ಹತ್ಯಾಳ. ನೀವ ಸಾಲಿ ತಗದೀರಿ."

ಪಾಠ ಮುಗಿಯಿತು. ಪರೀಕ್ಷೆಗೆ ಬರುವುದಿಲ್ಲ ಬಿಡಿ.

೫

ಮಂಗಳವಾರ ಬೆಳಿಗ್ಗೆ. ಆದಿನಾಥ ಡಾಕ್ಟರನ್ನು ಕೇಳಲು ಬೆಳಗಾವಿಯ ರೈಲಿಗೆ ಹೊರಟಿದ್ದ. ಡಾಕ್ಟರ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಕೈ ಮೇಲೆ ತನ್ನ ಗಡಿಗೆಯ ಪೊರೆ ಹಾಕಲು ಅವನಿಗೆ ಧೈರ್ಯ ಸಾಲಲಿಲ್ಲ. ತಾನು ಮರಳಿ ಬರುವಷ್ಟರಲ್ಲಿ ಪೊರೆ ತಯಾರಿರಬೇಕು. ಮನೆಯಲ್ಲಿ ಇದ್ದವಳು ತಾಯಿ ಒಬ್ಬಳೇ.

ಈ ಜಿನಮತಿಯ ಬಗ್ಗೆ ನಿಮಗೆ ಒಂದು ಮಾತು ಹೇಳಲೇಬೇಕು. ಮಗ ಸಿರ್ಕಾ ಶುರು ಮಾಡಿದ ದಿನದಿಂದ ಆಕೆ ಆ ಹಿತ್ತಲ ಚಪ್ಪರಕ್ಕೆ ಕಾಲಿಟ್ಟಿಲ್ಲ. ಹುಳಿದದ್ದನ್ನು ಮುಟ್ಟುವವಳಲ್ಲ. ಸೂರ್ಯ ಮುಳುಗಿದ ಮೇಲೆ ತುತ್ತು ಎತ್ತುವವಳಲ್ಲ. ಬಾವಿಯಿಂದ ಸೇದಿದ ನೀರನ್ನು ಎರಡು ಪದರು ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ, ಮೇಲಿಂದ ಸುರಿಯದೆ, ಬಿಂದಿಗೆ ಇಳಿಬಿಟ್ಟು ಮೆಲ್ಲಗೆ ಬಿಡುವವಳು. ಬೇರೆ ಬಾವಿಗಲ್ಲ, ಅದೇ ಬಾವಿಗೆ. ಎಲ್ಲಿಂದ ಬಂದವೋ ಅಲ್ಲಿಗೇ ಹೋಗಬೇಕು ಎನ್ನುವುದು ಆಕೆಯ ಕಟ್ಟಳೆ.

"ಅವ್ವಾ, ಹನ್ನೊಂದೂ ಗಡಿಗಿ ಮ್ಯಾಲಿನ ಪೊರಿ ತಗೀ. ಸೋಡಾ ಹಾಕಿದ ನೀರಾಗ ಒಂದ ತಾಸ ಕುದಸು. ಮುಚ್ಚಿಡು. ಇಷ್ಟ ಕೆಲಸ."

"ಅದರಾಗ ಜೀವ ಅದಾವಂತ ನೀನ ಹೇಳಿದ್ದಿ."

"ಅದಾವ."

"ಎಷ್ಟ?"

"ಎಣಸಾಕ ಆಗೂದಿಲ್ಲವ್ವ."

"ಎಣಸಾಕ ಆಗದಷ್ಟ ಜೀವ ಕುದಸು ಅಂತ ತಾಯಿಗೆ ಹೇಳಿ ರೈಲ ಹತ್ತಾಕ ಹೊಂಟಿ."

"ದಿನಾ ಕುಡಿಯೂ ನೀರ ಕಾಸೂದಿಲ್ಲೇನ ನೀ? ಅದರಾಗ ಜೀವ ಇರೂದಿಲ್ಲ?"

"ಸೋಸಿ, ಅವನ್ನ ಬಾವಿಗೆ ಬಿಟ್ಟ ಬಂದ ಮ್ಯಾಲ ಕಾಸ್ತೀನಿ. ಹಂಗ ಒಲಿ ಮ್ಯಾಲ ಇಡೂದಿಲ್ಲ."

"ಅವ್ವಾ, ಅಲ್ಲಿ ನಿಂಗವ್ವನ ಕೈ ಹೊಕ್ಕೈತಿ!"

ಗಾಡಿ ತಪ್ಪುತ್ತಿತ್ತು. ಆದಿನಾಥ ಸೋಡಾದ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಓಡಿದ.

ಇಲ್ಲಿ ನನ್ನ ಕೈ ನಿಂತಿತು. ಖರೇ ಹೇಳುತ್ತೇನೆ, ಆಕೆ ಏನು ಮಾಡುತ್ತಾಳೆ ನನಗೆ ಗೊತ್ತಿರಲಿಲ್ಲ.

೫ (ಅ)

ಸುಲಭದ ದಾರಿ: ಆದಿನಾಥ ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಹೋಗುತ್ತಾನೆ. ತಾಯಿ ಬಸದಿಗೆ ಹೋದ ಹೊತ್ತು ನೋಡಿ ತಾನೇ ಕುದಿಸಿಬಿಡುತ್ತಾನೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅರ್ಧ ಪುಟ ಬರೆದೆ.

"ಏ ತಂಗಿ." ಜಿನಮತಿ. ಬಿಳಿ ಸೀರೆಯ ಸೆರಗು ತಲೆಯ ಮೇಲಿತ್ತು, ದನಿ ಏರಿರಲಿಲ್ಲ. "ನನ್ನ ಮಗನ ಕಡಿಂದ ಕದ್ದ ಯಾಕ ಮಾಡಸ್ತಿ?"

"ನಿಮಗೆ ಸಂಕಟ ಬೇಡ ಅಂತ ಅಮ್ಮಾ."

"ನನ್ನ ಸಂಕಟಾ ನನಗ ಬಿಡು. ನಾ ಏನ ಮಾಡ್ತೀನೋ ಅಂತ ನಿನಗ ಅಂಜಿಕಿ ಬಂದೈತಿ. ಅದಕ್ಕ ನನ್ನ ಬಸದಿಗೆ ಕಳಸಾಕ ಹತ್ತಿ."

ಸಿಕ್ಕಿಬಿದ್ದೆ. ಅಳಿಸಿದೆ.

೫ (ಆ)

ಗಂಭೀರ ದಾರಿ: ಜಿನಮತಿ ಕುದಿಸುವುದಿಲ್ಲ. ಪೊರೆಗಳನ್ನೆಲ್ಲ ಹಾಗೆಯೇ ಒಯ್ದು ಮಲಪ್ರಭೆಗೆ ಬಿಡುತ್ತಾಳೆ. ಗುರುವಾರ ಕೈ ಹೋಗುತ್ತದೆ. ಕೊನೆಯಲ್ಲಿ ನಿಂಗವ್ವ ಎಡಗೈಯಲ್ಲಿ ಜಿನಮತಿಯ ಕಣ್ಣೀರು ಒರೆಸುತ್ತಾಳೆ.

ಇದನ್ನು ಎರಡು ಪುಟ ಬರೆದೆ. ಚೆನ್ನಾಗಿಯೇ ಬಂದಿತ್ತು. ಇಂಥದ್ದಕ್ಕೇ ಬಹುಮಾನ ಬರುವುದು, ನನಗೂ ಆಸೆ ಇಲ್ಲವೆಂದಲ್ಲ. ಹಿಂದಿನಿಂದ ನಿಂಗವ್ವ ಇಣುಕಿದಳು.

"ಓದಾಕ ಬರೂದಿಲ್ಲ ನನಗ," ಎಂದಳು. "ಆದ್ರ ನಿಮ್ಮ ಮಾರಿ ನೋಡಿದ್ರ ಗೊತ್ತಾಕ್ಕೈತಿ. ನನ್ನ ಕೈ ಹೋತಲ್ಲ? ಕೈ ಹೋದಾಕಿ ಕಣ್ಣೀರ ಒರಸೂದೂ ಬ್ಯಾರೆ ಮಾಡಬೇಕೇನ್ರಿ?"

ಎರಡೂ ಪುಟ ಅಳಿಸಿದೆ. ಬಹುಮಾನದವರು ಕ್ಷಮಿಸಲಿ.

೬

ಮಂಗಳವಾರ ಹೊತ್ತು ಏರುವವರೆಗೂ ಜಿನಮತಿ ಕಟ್ಟೆಯ ಮೇಲೆ ಕೂತಿದ್ದಳು. ಓಣಿಯಾಚೆಯಿಂದ ನಿಂಗವ್ವನ ನರಳಾಟ ಕೇಳುತ್ತಿತ್ತು. ಒಮ್ಮೆ ಎದ್ದು ಹೋಗಿ ಹಣಿಕಿ ನೋಡಿ ಬಂದಳು. ಬಂದು ಕೈಕಾಲು ತೊಳೆದು, ಸೆರಗು ಕಟ್ಟಿ, ಜೀವನದಲ್ಲಿ ಮೊದಲ ಸಲ ಆ ಚಪ್ಪರದೊಳಗೆ ಹೋದಳು.

ಹುಳಿ ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿದಳು. ಮೊದಲ ಗಡಿಗೆಯ ಪೊರೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ತಣ್ಣಗೆ, ಭಾರವಾಗಿ, ಹುಟ್ಟಿದ ಕೂಸಿನಂತೆ ಜಾರುತ್ತಿತ್ತು.

ಮಗ ಹೇಳಿದ್ದು, ತೆಗಿ, ಕುದಿಸು, ಮುಚ್ಚಿಡು. ತಾಯಿ ಮಾಡಿದ್ದು ಬೇರೆ. ಆಕೆಗೆ ಗೊತ್ತಿದ್ದ ಕೆಲಸ ಒಂದೇ, ನೀರಿಗೆ ಮಾಡುವ ಕೆಲಸ. ಸೋಸಿದ ನೀರಲ್ಲಿ ಪೊರೆಯನ್ನು ಅದ್ದಿ, ಮೆಲ್ಲಗೆ ಹಿಂಡಿ, ಅದ್ದಿ, ಹಿಂಡಿ ತೊಳೆದಳು. ತೊಳೆದ ನೀರನ್ನು ಚೆಲ್ಲಲಿಲ್ಲ, ಕೊಡದಲ್ಲಿ ಹಿಡಿದಿಟ್ಟಳು. ಮತ್ತೆ ಹೊಸ ನೀರು. ಹೋಗಬಲ್ಲ ಜೀವಗಳೆಲ್ಲ ಹೊರಗೆ ಹೋಗಲಿ ಎಂಬುದಷ್ಟೇ ಆಕೆಯ ಲೆಕ್ಕ. ಹನ್ನೊಂದು ಪೊರೆಗೆ ಹನ್ನೊಂದು ಹನ್ನೊಂದು ನೀರು. ಬಾವಿಯ ಹಗ್ಗ ಎಳೆದೆಳೆದು ಅಂಗೈ ಕೆಂಪಾಯಿತು.

(ಕುದಿಸಮ್ಮಾ, ಹೊತ್ತಾಯಿತು, ಎಂದು ನಾನು ಬರೆದೆ. ಆಕೆ ಕೇಳಲಿಲ್ಲ.)

ಈಗ ಕೊಡದಲ್ಲಿರುವ ಜೀವಗಳನ್ನು ಬಿಡಬೇಕು. ಎಲ್ಲಿ? ಬಾವಿಗಲ್ಲ, ಅವು ಬಾವಿಯವಲ್ಲ. ಮಗ ಕಬ್ಬಿನ ಹಾಲು ತಂದದ್ದು ಸಿದ್ದಪ್ಪನ ಗಾಣದಿಂದ. ಅಂದ ಮೇಲೆ ಅವು ಅಲ್ಲಿಯವು. ಎಲ್ಲಿಂದ ಬಂದವೋ ಅಲ್ಲಿಗೇ. ಜಿನಮತಿ ತಲೆಯ ಮೇಲೊಂದು ಕೊಡ, ಸೊಂಟದ ಮೇಲೊಂದು ಕೊಡ ಹೊತ್ತು ಗಾಣಕ್ಕೆ ನಡೆದಳು. ಸಿದ್ದಪ್ಪ ತಂಗಿಯ ಹತ್ತಿರ ಕೂತಿದ್ದ. ಗಾಣದಲ್ಲಿ ಎತ್ತು ಹೊಡೆಯುವ ಬಾಳಪ್ಪ ಎಂಬ ಕಿವುಡ ಮುದುಕ ಇದ್ದ. ಆಕೆ ಏನು ಹೇಳಿದಳೋ, ಅವನಿಗೆ ಏನು ಕೇಳಿಸಿತೋ, ತಲೆಯಾಡಿಸಿದ. ಕಬ್ಬಿನ ಹಾಲು ಬಂದು ಬೀಳುವ ದೊಡ್ಡ ಬಾನಿಯ ಅಂಚಿಗೆ ಕೊಡ ತಾಗಿಸಿ, ಮೇಲಿಂದ ಸುರಿಯದೆ, ಮೆಲ್ಲಗೆ ಬಿಟ್ಟಳು. ಆ ದಿನ ಮತ್ತು ಮರುದಿನ ಮುಂಜಾನೆ ಸೇರಿ ಎಂಟು ಸಲ ಹೋಗಿ ಬಂದಳು.

ಬೆಲ್ಲ ಮಾಡುವವರು ಇಲ್ಲಿ ಪುಸ್ತಕ ಮುಚ್ಚಿ ತಲೆ ಚಚ್ಚಿಕೊಳ್ಳಬಹುದು. ಕಬ್ಬಿನ ಹಾಲಿಗೆ ಹುಳಿ ಬಿದ್ದರೆ ಏನಾಗುತ್ತದೆ ಎಂದು ಅವರಿಗೆ ನಾನು ಹೇಳಬೇಕಿಲ್ಲ.

೭

ಬುಧವಾರ ಮಧ್ಯಾಹ್ನ ಆದಿನಾಥ ಬಂದ. ಡಾಕ್ಟರು ಮಂಗಳವಾರ ಇಡೀ ಸಿಕ್ಕಿರಲಿಲ್ಲ. ಬುಧವಾರ ಬೆಳಿಗ್ಗೆ ಸಿಕ್ಕವರು, "ಗುರುವಾರದ ತನಕ ಏನಾದರೂ ಹಾಕಿ ನೋಡು, ಗುರುವಾರ ನಿರ್ಧಾರ ನನ್ನದು" ಎಂದಿದ್ದರು. ಅಷ್ಟು ಸಾಕೆಂದು ಅವನು ನಿಲ್ದಾಣದಿಂದ ಓಡುತ್ತಲೇ ಬಂದಿದ್ದ.

ಚಪ್ಪರದಲ್ಲಿ ಹನ್ನೊಂದೂ ಗಡಿಗೆಗಳ ಬಾಯಿ ಖಾಲಿ. ಒಲೆ ತಣ್ಣಗಿತ್ತು. ತಾಯಿ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದಳು, ತುಟಿ ಒಣಗಿ ಬಿರಿದಿತ್ತು.

"ಪೊರಿ ಎಲ್ಲವ್ವಾ?"

ಆಕೆ ಬಾಯಿ ತೆರೆಯುವ ಮೊದಲೇ ಹಿಂದಿನ ಬಾಗಿಲು ದೂಡಿಕೊಂಡು ಸಿದ್ದಪ್ಪ ಬಂದ. ಅಂಗೈಯಲ್ಲಿ ಬೆಲ್ಲ. ಬೆಲ್ಲವೆಂದರೆ ಹೆಸರಿಗೆ ಬೆಲ್ಲ, ಅದು ಬೆರಳ ಸಂದಿಯಿಂದ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಎರಡ ಕೊಪ್ಪರಿಗಿ ಹಾಳಾತು. ಹೆಪ್ಪ ಹಿಡೀವಲ್ದು. ಬಾಳಪ್ಪನ್ನ ಕೇಳಿದ್ರ ಅಮ್ಮಾರ ಬಂದ ಏನೋ ಹಾಕಿ ಹ್ವಾದ್ರು ಅಂತಾನ. ಏನ ಹಾಕೀರಿ ಅಮ್ಮಾರ?"

"ನಿಮ್ಮ ಜೀವಾ ನಿಮ್ಮಲ್ಲಿಗೆ ಬಿಟ್ಟ ಬಂದೀನಪ್ಪ."

ಸಿದ್ದಪ್ಪನಿಗೆ ಅರ್ಥವಾಗಲಿಲ್ಲ. ಆದಿನಾಥನಿಗೆ ಆಯಿತು.

"ಎಲ್ಲಾ ಬಿಟ್ಟಿ?" ಅವನ ದನಿ ಒಡೆದಿತ್ತು. "ಅವ್ವಾ, ಇನ್ನ ಹೊಸಾ ಪೊರಿ ಬೆಳೀಬೇಕಂದ್ರ ಎಂಟ ದಿನಾ ಬೇಕು. ನಾಳಿ ಗುರುವಾರ. ಕಾಣದಿದ್ದ ಜೀವ ಉಳಿಸಿ ಕಾಣೂ ಕೈ ಕಳದಿ ನೀ."

"ನಿಮ್ಮ ಧರ್ಮಾ ನಿಮಗ ದೊಡ್ಡದ್ರಿ," ಎಂದ ಸಿದ್ದಪ್ಪ. ಬೆಲ್ಲದ ಕೈಯನ್ನು ಗೋಡೆಗೆ ಒರೆಸಿದ. "ನಾಳಿ ಮುಂಜಾನೆ ಚಕ್ಕಡಿ ಹೂಡ್ತೀನಿ. ನಿಮ್ಮ ಔಷಧಾ ಸಾಕು."

ಜಿನಮತಿ ಒಳಗಿನ ಹಿತ್ತಾಳೆ ತಪೇಲಿಯ ಕಡೆ ಬೆರಳು ತೋರಿಸಿದಳು.

ಆದಿನಾಥ ಮುಚ್ಚಳ ಎತ್ತಿದ. ಮೊದಲು ಅವನಿಗೆ ತಪೇಲಿಯ ತಳ ಮಾತ್ರ ಕಂಡಿತು. ಕೈ ಹಾಕಿದ ಮೇಲೆ ತಿಳಿಯಿತು, ಪೊರೆಗಳಿದ್ದವು, ಹನ್ನೊಂದೂ ಇದ್ದವು, ಒಂದರ ಮೇಲೊಂದು. ಹಳದಿ ಹೋಗಿತ್ತು. ಹುಳಿ ವಾಸನೆ ಹೋಗಿತ್ತು. ಅವನು ಎರಡು ವರ್ಷದಲ್ಲಿ ಒಂದು ಸಲವೂ ಇಷ್ಟು ತಿಳಿಯಾದ ಪೊರೆ ಕಂಡಿರಲಿಲ್ಲ.

"ಕುದಸೀಯೇನವ್ವಾ?"

"ಹನ್ನೊಂದ ನೀರಾಗ ತೊಳದೆ. ಹೋಗಾವೆಲ್ಲ ಹ್ವಾದು. ಹೋಗದಽ ಉಳದವಕ್ಕ ಕೈ ಮುಗದು ಹೇಳಿದೆ, ತಪ್ಪಾತು ಅಂತ. ಆಮ್ಯಾಲ ಸೋಡಾ ಹಾಕಿ ಕುದಸಿದೆ. ಕುದಸಿ ಮತ್ತ ತೊಳದೆ." ಜಿನಮತಿ ಉಸಿರು ಎಳೆದುಕೊಂಡಳು. "ನಿನ್ನೆ ಹಿಡದ ಮೂರ ದಿನಾ ನೀರೂ ಮುಟ್ಟೂದಿಲ್ಲ ನಾ. ಪಾಪ ನಂದು, ಕೈ ಆಕೀದು. ಹೋಗ, ಲಗೂನ ಹೋಗ."

(ಇವತ್ತು ಲ್ಯಾಬುಗಳಲ್ಲಿ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ತೊಳೆ, ಕ್ಷಾರದಲ್ಲಿ ಕುದಿಸು, ಮತ್ತೆ ತೊಳೆ. ಈ ಸಾಲನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಒಂದು ಸಲವೂ ಯಾರಿಗೂ ಕೈ ಮುಗಿದಿರಲಿಲ್ಲ. ಆದರೂ ಸಿದ್ದಪ್ಪನ ಎರಡು ಕೊಪ್ಪರಿಗೆ ಬೆಲ್ಲ ಹಾಳಾದದ್ದು ಹಾಳಾದದ್ದೇ. ಜಿನಮತಿ ದೇವತೆಯಲ್ಲ, ಹಾಗೆ ಬರೆದರೆ ಆಕೆಯೇ ಸಿಟ್ಟಾಗುತ್ತಾಳೆ.)

೮

ನಿಂಗವ್ವನ ಕೈಯ ಹಳೆಯ ಅರಿವೆಯನ್ನು ಕಾಸಿದ ನೀರಿನಿಂದ ನೆನೆಸಿ ನೆನೆಸಿ ಬಿಡಿಸಿದರು. ಗಾಯದ ವಿವರ ನಾನು ಕೊಡುವುದಿಲ್ಲ. ಮುಂಗೈಯ ಒಂದು ಕಡೆ ಅಂಗೈಯಗಲ ಜಾಗ ಮಾತ್ರ ಆದಿನಾಥನಿಗೆ ಸರಿ ಕಾಣಲಿಲ್ಲ. ಬಣ್ಣ ಬೇರೆಯಿತ್ತು. ಅವನು ಅದನ್ನು ಯಾರಿಗೂ ಹೇಳಲಿಲ್ಲ, ನನಗೆ ಹೇಳಿದ.

"ಬಾಯಾರ, ಅಲ್ಲಿ ಕೊಳ್ಯಾಕ ಶುರುವಾಗಿದ್ರ, ಮ್ಯಾಲ ಪೊರಿ ಮುಚ್ಚಿದ್ರ, ಕೊಳತೀನೂ ಒಳಗ ಮುಚ್ಚಿಟ್ಟಂಗ ಆಕ್ಕೈತಲ್ರಿ?"

ಆಗುತ್ತದೆ. ಪೊರೆಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಹೊರಗಿನದನ್ನು ಒಳಗೆ ಬಿಡುವುದಿಲ್ಲ, ಅಷ್ಟೇ. ಒಳಗೆ ಈಗಾಗಲೇ ಇರುವುದನ್ನು ಏನು ಮಾಡುವುದು?

"ಹಾಕು," ಎಂದೆ. ಅಥವಾ ಬರೆದೆ. ಆ ಹೊಣೆ ನನ್ನ ಮೇಲಿರಲಿ.

ಅವನು ಬೆರಳಿಗೆ ಬೆರಳು ಬೇರೆ ಬೇರೆಯಾಗಿ ಪೊರೆ ಸುತ್ತಿದ, ಮುಂಗೈಗೆ ಇಡೀ ಪೊರೆ ಹೊದಿಸಿದ. ಮೇಲೆ ತೆಳು ಅರಿವೆ. ಮೂರು ದಿನದಿಂದ ನರಳುತ್ತಿದ್ದವಳು ಒಮ್ಮೆಲೇ ಸುಮ್ಮನಾದಳು. ಸಿದ್ದಪ್ಪ ಗಾಬರಿಯಿಂದ ಎದ್ದ.

"ನಿಂಗೀ?"

"ತಣ್ಣಗಾತಣ್ಣ," ಎಂದಳು ನಿಂಗವ್ವ. ಕಣ್ಣು ಮುಚ್ಚಿತ್ತು. "ಕೊಪ್ಪರಿಗ್ಯಾಗ ಹಾಕೂ ಮುಂಚೆ ತಣ್ಣೀರಾಗ ಕೈ ಎದ್ದತೀನಲ್ಲ, ಹಂಗ."

ಸಿದ್ದಪ್ಪ ಮಗ್ಗಲು ತಿರುಗಿ ಮೂಗು ಸೀಟಿದ. ಅಳು ಬಂತೆಂದು ಒಪ್ಪಿಕೊಳ್ಳುವ ಪೈಕಿ ಅಲ್ಲ ಅವನು. ಆದರೂ ಏಳುವಾಗ ಹೇಳಿಯೇ ಎದ್ದ. "ಚಕ್ಕಡಿ ಅಂತೂ ಹೂಡ್ತೀನಿ."

೯

ಗುರುವಾರ ಮುಂಜಾನೆ. ಬಿಸಿಲು ಬಿದ್ದಿದೆ. ಚಕ್ಕಡಿ ಬಾಗಿಲಲ್ಲಿದೆ, ಎತ್ತು ಹೂಡಿದೆ. ರೈಲು ಹೊರಡಲು ಇನ್ನೂ ಒಂದು ತಾಸಿದೆ.

ನಿಂಗವ್ವನಿಗೆ ಜ್ವರವಿದೆ, ಜೋರಿಲ್ಲ. ಸುಟ್ಟ ಮೈಗೆ ಜ್ವರ ಬರುವುದೇ, ಕೊಳೆತ ಮೈಗೂ ಬರುವುದೇ. ಅರಿವೆ ಒಣಗಿ ಪೊರೆಗೆ ಹತ್ತಿಕೊಂಡಿದೆ, ಪೊರೆ ಒಣಗಿ ಕೈಗೆ ಹತ್ತಿಕೊಂಡಿದೆ. ಮೂರೂ ಒಂದೇ ಆಗಿದೆ.

"ಬಿಚ್ಚ ನೋಡೂಣು," ಎಂದ ಸಿದ್ದಪ್ಪ. "ಚಲೋ ಇದ್ರ ಎತ್ತ ಬಿಡತೀನಿ. ಕೆಟ್ಟಿದ್ರ ಬೆಳಗಾವಿಗೆ ಹೋಗೂಣು. ನೋಡದಽ ಹ್ಯಾಂಗ ತಿಳೀಬೇಕು?"

"ಬಿಚ್ಚಿದ್ರ ಹೊಸಾ ತೊಗಲ ಕಿತ್ತ ಬರ್ತೈತಿ," ಎಂದ ಆದಿನಾಥ. "ನನ್ನ ಬೆರಳಿಗೆ ಆಗೇತಿ. ತಾನ ಉದರೂ ತನಕ ಮುಟ್ಟಬಾರದು."

"ಬಿಚ್ಚಲಿಲ್ಲಂದ್ರ, ಒಳಗ ಕೊಳತಿದ್ರ?"

ಆದಿನಾಥನ ಕಣ್ಣ ಮುಂದೆ ಆ ಅಂಗೈಯಗಲ ಜಾಗ ಬಂದಿತ್ತು. ನನ್ನ ಕಣ್ಣ ಮುಂದೆಯೂ.

ಓದುಗರೇ, ನಿಮಗೂ ಬಿಚ್ಚಿ ನೋಡಬೇಕೆನ್ನಿಸುತ್ತಿದೆ, ಸುಳ್ಳು ಹೇಳಬೇಡಿ. ನನಗಂತೂ ಮೈ ತುಂಬಾ ಅದೇ. ಒಂದೇ ವಾಕ್ಯ ಸಾಕು. "ಅರಿವೆ ಸರಿಸಿದಾಗ ಕೆಳಗೆ ಕೆಂಪನೆಯ ಹೊಸ ಚರ್ಮ ಮಿನುಗಿತು." ಬರೆದೆ. ಸುಳ್ಳೆನಿಸಿತು. ಒಂದು ದಿನದಲ್ಲಿ ಚರ್ಮ ಬರುವುದಿಲ್ಲ, ಮೂವತ್ತೊಂದು ವರ್ಷ ಪಾಠ ಹೇಳಿದವಳು ಹಾಗೆ ಬರೆಯಬಾರದು. "ಅರಿವೆ ಸರಿಸಿದಾಗ ವಾಸನೆ ಗಪ್ಪನೆ..." ಅದನ್ನೂ ಬರೆದೆ. ಎದ್ದು ನೀರು ಕುಡಿದು ಬಂದೆ. ಬಂದಾಗ ಜಿನಮತಿ ಅಲ್ಲಿದ್ದಳು, ನೀರಿಲ್ಲದ ಮೂರನೇ ದಿನದ ಮುಖ ಹೊತ್ತು, ನಿಂಗವ್ವನ ಹಾಸಿಗೆಯ ಬಾಜು.

"ಅಮ್ಮಾ, ಏನು ಬರೆಯಲಿ?" ಎಂದು ಆಕೆಯನ್ನೇ ಕೇಳಿದೆ.

"ಆಕೀನ ಕೇಳು. ಕೈ ಆಕೀದು."

ಸಿದ್ದಪ್ಪ ಬಗ್ಗಿ ತಂಗಿಯ ಕೈಗೆ ಮೂಗು ಹಚ್ಚಿ ಮೂಸಿದ. ಬಹಳ ಹೊತ್ತು ಮೂಸಿದ. ಎದ್ದು ನಿಂತಾಗ ಅವನ ಮುಖದಲ್ಲಿ ಏನಿತ್ತು ಎಂದು ನನಗೆ ಓದಲು ಆಗಲಿಲ್ಲ. ಬಹುಶಃ ಅವನಿಗೂ ಗೊತ್ತಾಗಿರಲಿಲ್ಲ, ಅವನ ಮೂಗಿನಲ್ಲಿ ಇನ್ನೂ ಬೆಲ್ಲದ ವಾಸನೆಯೇ ಇತ್ತು. ಹೊರಗೆ ಹೋಗಿ ಎತ್ತಿನ ಕೊರಳ ಮೇಲೆ ಕೈ ಇಟ್ಟು ನಿಂತ. ನೊಗ ಬಿಚ್ಚಲಿಲ್ಲ, ಚಕ್ಕಡಿ ಹತ್ತಲೂ ಇಲ್ಲ. ನಿಲ್ದಾಣದ ಕಡೆಯಿಂದ ಗಂಟೆ ಕೇಳಿಸಿತು.

"ನಿಂಗವ್ವ," ಎಂದೆ. "ಸುಟ್ಟವಳು ನಾನೇ, ಒಪ್ಪಿದೆ. ವಾಸಿಯಾಯಿತು ಅಂತ ನಾನೇ ಬರೆದುಬಿಡುತ್ತೇನೆ. ಯಾರು ಬೇಡ ಅನ್ನುತ್ತಾರೆ?"

ಅವಳು ಕಣ್ಣು ತೆರೆದಳು. ಜ್ವರದಲ್ಲಿ ಕೆಂಪಾಗಿದ್ದವು, ಆದರೆ ನೇರವಾಗಿ ನನ್ನನ್ನೇ ನೋಡುತ್ತಿದ್ದವು.

"ಹದಾ ಆಗೂ ಮುಂಚೆ ಇಳಿಸಿದ್ರ ಅದ ಬೆಲ್ಲಲ್ರಿ, ಬರೇ ಪಾಕ. ಸುಡಾಕ ನಿಮಗ ಒಂದ ಮಾತ ಸಾಕಾತು. ತೊಗಲ ಬೆಳ್ಯಾಕ ಅದರದ ಹೊತ್ತ ಬೇಕು." ಅರಿವೆಯೊಳಗಿನ ಬೆರಳುಗಳ ಮೇಲೆ ಮುಂದಿನ ವಾಕ್ಯ ಬರೆಯಲು ನನ್ನ ಬೆರಳು ತೂಗುತ್ತಿದ್ದದ್ದು ಅವಳಿಗೆ ಕಂಡಿರಬೇಕು. "ಬಾಯಾರ, ಕೈ ತಗೀರಿ."

ತೆಗೆದೆ.